ಖಾಕಿ ಹಳತಾಗಬೇಕು: ಬ್ಲೀಚು, ಬಿಸಿಲು, ಚಹಾ, ಮಣ್ಣು

ನಾಟಕದಲ್ಲಿ ಎರಡನೇ ಮಹಾಯುದ್ಧದ ಸಿಪಾಯಿಯ ಪಾತ್ರಕ್ಕೆಂದು ಹುಬ್ಬಳ್ಳಿಯಲ್ಲಿ ಹೊಲಿಸಿದ ಖಾಕಿ ಡ್ರಿಲ್ಲು (ಓರೆ ನೇಯ್ಗೆಯ ಗಟ್ಟಿ ಬಟ್ಟೆ) ಅಂಗಡಿಯಿಂದ ಈಗಷ್ಟೇ ಬಂದಂತೆ ಮಿಂಚುತ್ತದೆ. ಅದರ ಮೇಲೆ ಮಣ್ಣು ಬಳಿದರೆ ಮಣ್ಣಾದ ಹೊಸ ಅಂಗಿ ಕಾಣುತ್ತದೆಯೇ ಹೊರತು ಹಳೇ ಅಂಗಿ ಕಾಣುವುದಿಲ್ಲ. ಬಣ್ಣ ಮೊದಲು ಮಾಸಬೇಕು, ಆಮೇಲೆ ಅಂಚು ಸವೆಯಬೇಕು, ಕೊಳೆ ಕೊನೆಗೆ.

ಎಲ್ಲಕ್ಕೂ ಮೊದಲು ಒಂದು ಎಳೆ ಕಿತ್ತು ಸುಟ್ಟು ನೋಡಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಗುಂಡಿಯಂತಾದರೆ ಪಾಲಿಯೆಸ್ಟರ್ ಬೆರೆತ ಟೆರಿಕಾಟು, ಅದಕ್ಕೆ ಬ್ಲೀಚೂ ಚಹಾವೂ ಸರಿಯಾಗಿ ಹತ್ತುವುದಿಲ್ಲ. ದರ್ಜಿಗೆ ಹತ್ತಿ ದಾರವನ್ನೇ ಹಾಕಲು ಹೇಳಿ. ಪಾಲಿಯೆಸ್ಟರ್ ದಾರ ಮಾಸುವುದಿಲ್ಲ, ಬಟ್ಟೆ ಮಾಸಿದ ಮೇಲೆ ಹೊಲಿಗೆ ಸಾಲಷ್ಟೇ ಹೊಸದಾಗಿ ಎದ್ದು ಕಾಣುತ್ತದೆ. ಖಾದಿಯಲ್ಲಿ ಹೊಲಿಸುವವರಿದ್ದಾರೆ; ಸಾದಾ ನೇಯ್ಗೆಯ ಖಾದಿಯಲ್ಲಿ ಡ್ರಿಲ್ಲಿನ ಓರೆ ಗೆರೆ ಇರುವುದಿಲ್ಲ, ಮುಂದಿನ ಸಾಲಿನವರಿಗೆ ಗೊತ್ತಾಗಿಬಿಡುತ್ತದೆ.

ಬ್ಲೀಚು ಬೇಗ, ಆದರೆ ನಂಬುವ ಹಾಗಿಲ್ಲ. 5 ಲೀಟರ್ ತಣ್ಣೀರಿಗೆ 100 ಮಿ.ಲೀ. ಬ್ಲೀಚು, ಮೊದಲೇ ನೆನೆಸಿದ ಬಟ್ಟೆ, ಐದರಿಂದ ಹತ್ತು ನಿಮಿಷ, ಕೈ ಬಿಡದೆ ತಿರುವುತ್ತ. ಬಣ್ಣ ವ್ಯಾಟ್ ಜಾತಿಯದಾದರೆ (ಎಳೆಯೊಳಗೆ ಗಟ್ಟಿಯಾಗಿ ಕೂರುವ ಬಣ್ಣ) ಅಲುಗುವುದೇ ಇಲ್ಲ. ಬೇರೆ ಬಣ್ಣಗಳು ಕಿತ್ತಳೆಗೆ ಹೊರಳುವುದುಂಟು. ತೊಳೆದ ಮೇಲೆ ಲೀಟರಿಗೆ 5 ಗ್ರಾಂ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹಾಕಿದ ನೀರಿನಲ್ಲಿ ಹತ್ತು ನಿಮಿಷ ಬಿಡದಿದ್ದರೆ ಉಳಿದ ಕ್ಲೋರಿನ್ ಎಳೆಯನ್ನು ತಿನ್ನುತ್ತಲೇ ಇರುತ್ತದೆ. ಬ್ಲೀಚಿಗೆ ವಿನೆಗರ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ.

ಬಿಸಿಲು ನಿಧಾನ, ಆದರೆ ಗೆಲ್ಲುವುದು ಅದೇ. 5 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ತಾಸು ಕುದಿಸಿದರೆ ಗಂಜಿ ಹೋಗುತ್ತದೆ. ಆಮೇಲೆ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಎರಡು-ಮೂರು ವಾರ, ಆಗಾಗ ನೀರು ಚಿಮುಕಿಸುತ್ತ. ಗುಟ್ಟು ಇಲ್ಲಿದೆ: ಅಂಗಿಯನ್ನು ಕಟ್ಟಿಗೆಯ ಚೌಕಟ್ಟಿಗೆ ತೊಡಿಸಿ, ಬೆಲ್ಟು ಬಿಗಿದು, ಜೇಬಿನ ಮುಚ್ಚಳ ಹಾಕಿಯೇ ಇಡಬೇಕು. ಮುಚ್ಚಳ ಎತ್ತಿದಾಗ ಕೆಳಗೆ ಮೊದಲಿನ ಗಾಢ ಬಣ್ಣ, ಪದವಿಯ ಪಟ್ಟಿ ಕಿತ್ತ ತೋಳಿನಲ್ಲಿ ಪಟ್ಟಿಯದೇ ನೆರಳು. ಬ್ಲೀಚಿನಿಂದ ಇದು ಸಾಧ್ಯವಿಲ್ಲ.

ಸವೆತಕ್ಕೆ ತಂತಿ ಬ್ರಶ್ಶಿಗಿಂತ ಉಸುಕಿನ ಕಾಗದ ವಾಸಿ. ತಂತಿ ಎಳೆ ಕೀಳುತ್ತದೆ, ಗುಂಜು ಏಳಿಸುತ್ತದೆ. ಕಾಲರ್, ಮುಂಗೈ, ಜೇಬಿನ ಅಂಚಿನೊಳಗೆ ಕಟ್ಟಿಗೆ ತುಂಡಿಟ್ಟು 120 ನಂಬರಿನಿಂದ ಉಜ್ಜಿ, 220ರಿಂದ ನುಣುಪು ಮಾಡಿ. ಮಡಿಕೆಯ ಏಣು ಸವೆಯಲಿ, ತಗ್ಗು ಬೇಡ. ಬಂದೂಕಿನ ಪಟ್ಟಿ ಕೂರುವ ಹೆಗಲು, ಮೊಣಕಾಲು, ಮೊಣಕೈ ಮರೆಯಬೇಡಿ.

ಕೊಳೆಗೆ ಚಹಾ ಎಲ್ಲರೂ ಹೇಳುವ ಮದ್ದು. 5 ಲೀಟರಿಗೆ 100 ಗ್ರಾಂ ಪುಡಿ ಕುದಿಸಿ, ಸೋಸಿ, ಅರ್ಧ ತಾಸು ನೆನೆಸಿದರೆ ಬಿಳಿ ಚೀಲದ ಪಟ್ಟಿ, ಅಂಗಿಯ ಒಳಬಟ್ಟೆಗೆ ಚೆಂದ. ಖಾಕಿಗೆ ಪೂರ್ತಿ ಹಾಕಿದರೆ ಎಲ್ಲ ಕಡೆ ಒಂದೇ ಕಂದು, ಮಾಸಿದ್ದೆಲ್ಲ ಮುಚ್ಚಿಹೋಗುತ್ತದೆ. ಕಬ್ಬಿಣದಂಶವಿರುವ ಬೋರ್ ನೀರಾದರೆ ಚಹಾದ ಒಗರು ಅದಕ್ಕೆ ಕೂಡಿ ಬೂದುಗಪ್ಪು. ಮಣ್ಣಿನಲ್ಲಿ ಎರಿ (ಕಪ್ಪು) ಮಣ್ಣು ಒಣಗಿದರೆ ಹೆಕ್ಕಳಿಕೆಯಾಗಿ ಉದುರುತ್ತದೆ, ಬೂಟಿಗೆ, ಪ್ಯಾಂಟಿನ ತುದಿಗಷ್ಟೇ ಸರಿ. ಮಸಾರಿ ಮಣ್ಣಿನ ಕೆಂಪು ಎಳೆಯೊಳಗೆ ಇಳಿಯುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. ಜರಡಿ ಹಿಡಿದು, ಅರಿವೆ ಗಂಟಿನಿಂದ ತಟ್ಟಿ, ಕೊಡವಿ, ಮತ್ತೆ ತಟ್ಟಿ. ಕಂಕುಳಲ್ಲಿ ಬೆವರಿನ ಬಿಳಿ ಗೆರೆಗೆ ಗಾಢ ಉಪ್ಪುನೀರು ಸಿಂಪಡಿಸಿ ಒಣಗಿಸಿದರೆ ಸಾಕು.

ತೊಗಲಿನ ಬೆಲ್ಟಿನ ಹೊಳಪನ್ನು ಸ್ಪಿರಿಟ್‌ನಿಂದ ಒರೆಸಿ, 220ರಿಂದ ಉಜ್ಜಿ, ಕೈಯಿಂದ ಹಿಂದೆ ಮುಂದೆ ಮಡಚಿ, ಔಡಲೆಣ್ಣಿ ತೆಳ್ಳಗೆ ಹಚ್ಚಿ. ಎಣ್ಣೆ ಹೆಚ್ಚಾದರೆ ಅಂಗಿಗೆ ಕಲೆ. ಹಿತ್ತಾಳೆ ಬಕ್ಕಲಿನ ಮೇಲಿನ ಲ್ಯಾಕರ್ ಥಿನ್ನರಿನಲ್ಲಿ ತೆಗೆಯದೆ ಅದು ಕಪ್ಪಾಗುವುದಿಲ್ಲ. ರೆಕ್ಸಿನ್ ಬೆಲ್ಟಿಗೆ ಮಾತ್ರ ಇದಾವುದೂ ನಡೆಯದು: ಉಜ್ಜಿದ ಕಡೆ ಸಿಪ್ಪೆ ಎದ್ದು ಒಳಗಿನ ಬಿಳಿ ಬಟ್ಟೆ ಕಾಣುತ್ತದೆ.