ಪ್ರಕಾಶಕರು, ಸ್ವಂತ ಮುದ್ರಣ, ಪ್ರಿಂಟ್ ಆನ್ ಡಿಮ್ಯಾಂಡ್: ಮೂರು ಕಥಾಸಂಕಲನ, ಮೂರು ದಾರಿ

ಇಲ್ಲಿವರೆಗೆ ನನ್ನ ಮೂರು ಕಥಾಸಂಕಲನ ಬಂದಿವೆ. ಮೊದಲನೆಯದನ್ನು ಪ್ರಕಾಶಕರು ತಂದರು. ಎರಡನೆಯದಕ್ಕೆ ನಾನೇ ದುಡ್ಡು ಹಾಕಿ ಅಚ್ಚು ಹಾಕಿಸಿದೆ. ಮೂರನೆಯದು ಪ್ರಿಂಟ್ ಆನ್ ಡಿಮ್ಯಾಂಡ್ (ಬೇಡಿಕೆ ಬಂದಾಗಷ್ಟೇ ಅಚ್ಚು), ಜೊತೆಗೆ ಇ-ಪುಸ್ತಕ. ಹೊಸದಾಗಿ ಕಥೆ ಬರೆಯುವವರು ಸಿಕ್ಕಾಗ ಖರ್ಚೆಷ್ಟು, ಎಷ್ಟು ದಿನ ಹಿಡಿಯುತ್ತೆ ಅಂತ ಕೇಳುತ್ತಾರೆ. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ನಾನು ಮೊದಲು ಕೇಳೋದು ಇನ್ನೊಂದು: ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಕಥೆಯನ್ನು ಪೆನ್ಸಿಲ್ ಹಿಡಿದು ಓದುವವರು ಯಾರು?

ಪ್ರಕಾಶಕರಿಗೆ 14 ಕಥೆ ಕಳಿಸಿದ್ದೆ. ಅರ್ಧದಷ್ಟು ಆಗಲೇ ಪತ್ರಿಕೆಗಳಲ್ಲಿ ಬಂದಿದ್ದವು. ಎಂಟು ತಿಂಗಳು ಸುದ್ದಿಯೇ ಇಲ್ಲ. ಆಮೇಲೆ ಒಂದು ದಿನ ಹಸ್ತಪ್ರತಿ ವಾಪಸ್ ಬಂತು, ಪುಟಪುಟಕ್ಕೂ ಪೆನ್ಸಿಲ್ ಗುರುತು. ಎರಡು ಕಥೆಗಳ ಮೇಲೆ ‘ಇವು ಬೇಡ’ ಅಂತ ಬರೆದಿತ್ತು. ಇನ್ನೊಂದರ ಕೊನೇ ಪ್ಯಾರಾವನ್ನು ಪೂರ್ತಿ ಹೊಡೆದು ಹಾಕಿದ್ದರು. ಆ ಕಥೆಯಲ್ಲಿ ಒಬ್ಬ ಮುದುಕ ತನ್ನ ಸೈಕಲ್ ಮಾರುತ್ತಾನೆ, ಗಾಳಿ ಹೊಡೆಯುವ ಪಂಪನ್ನು ಮಾತ್ರ ಕೊಡದೆ ಕೈಯಲ್ಲಿ ಹಿಡಿದು ಮನೆಗೆ ಬರುತ್ತಾನೆ. ಆ ಪಂಪು ಅವನಿಗೆ ಏನು ಅನ್ನುವುದನ್ನು ನಾನು ಆರು ಸಾಲಿನಲ್ಲಿ ಬಿಡಿಸಿ ಹೇಳಿದ್ದೆ. ಸಂಪಾದಕರು ಅಂಚಿನಲ್ಲಿ ಬರೆದಿದ್ದರು: ‘ಪಂಪು ಅವನ ಕೈಯಲ್ಲಿದೆಯಲ್ಲ, ಸಾಕು.’

ಎರಡು ದಿನ ಬೇಜಾರಾಗಿತ್ತು. ಮೂರನೇ ದಿನ ಆ ಪ್ಯಾರಾ ಬಿಟ್ಟು ಕಥೆಯನ್ನು ಜೋರಾಗಿ ಓದಿ ನೋಡಿದೆ. ಅವರು ಹೇಳಿದ್ದೇ ಸರಿ. ಕಥೆಗಳ ಕ್ರಮವನ್ನೂ ಅವರು ಬದಲಿಸಿದರು. ನಾನು ಎಲ್ಲಕ್ಕಿಂತ ಉದ್ದದ ಕಥೆಯನ್ನು ಮೊದಲಿಗಿಟ್ಟಿದ್ದೆ. ಅದನ್ನು ನಾಲ್ಕಕ್ಕೆ ತಳ್ಳಿ, ಐದು ಪುಟದ ಒಂದು ಸಣ್ಣ ಕಥೆಯನ್ನು ಮುಂದಕ್ಕೆ ತಂದರು. ಓದುಗರು ಇವತ್ತಿಗೂ ಆ ಸಣ್ಣ ಕಥೆಯನ್ನೇ ನೆನಪಿಸಿಕೊಳ್ಳುತ್ತಾರೆ.

ಈ ದಾರಿಯಲ್ಲಿ ನಾನು ಎಡವಿದ್ದು ಒಪ್ಪಂದದ ವಿಷಯದಲ್ಲಿ. ರಾಯಲ್ಟಿ (ಮಾರಾಟದಲ್ಲಿ ಲೇಖಕರಿಗೆ ಸಿಗುವ ಪಾಲು) ನೂರಕ್ಕೆ 10 ಅನ್ನುವುದನ್ನಷ್ಟೇ ನೋಡಿ ಸಹಿ ಹಾಕಿದೆ. ಇ-ಪುಸ್ತಕ, ಆಡಿಯೋ, ಅನುವಾದ ಎಲ್ಲದರ ಹಕ್ಕೂ ಅದರಲ್ಲೇ ಸೇರಿ ಹೋಗಿತ್ತು. ಕಾಪಿರೈಟ್ ನಿಮ್ಮ ಹೆಸರಲ್ಲೇ ಇರಲಿ. ಅಚ್ಚು ಹಾಕುವ ಹಕ್ಕನ್ನು ಮಾತ್ರ ಕೊಡಿ, ಅದೂ ಇಷ್ಟು ವರ್ಷಕ್ಕೆ ಅಂತ ಬರೆಸಿ. ಇನ್ನೊಂದು ಮಾತು. ನಿಮ್ಮಿಂದಲೇ ದುಡ್ಡು ತೆಗೆದುಕೊಂಡು ಪುಸ್ತಕ ತರುತ್ತೇವೆ ಅನ್ನುವವರೂ ಇದ್ದಾರೆ. ಅದು ಬೇರೆಯವರ ಹೆಸರಲ್ಲಿ ಮಾಡುವ ಸ್ವಂತ ಮುದ್ರಣವೇ, ಬೇರೇನಲ್ಲ.

ಎರಡನೇ ಸಲ ಕಾಯುವ ತಾಳ್ಮೆ ಇರಲಿಲ್ಲ, ನಾನೇ ಮಾಡುತ್ತೇನೆ ಅಂತ ಹೊರಟೆ. ಕಾಗದ, ಅಕ್ಷರದ ಅಳತೆ, ಮುಖಪುಟ, ಎಲ್ಲವನ್ನೂ ನಾನೇ ಆರಿಸಿದೆ. ಆ ಖುಷಿ ನಿಜವಾದದ್ದು. ಪುಟ ವಿನ್ಯಾಸ ಮುಗಿದಾಗ ಪುಸ್ತಕ 163 ಪುಟ ಆಯಿತು. ಆಫ್‌ಸೆಟ್‌ನಲ್ಲಿ (ನೂರಾರು ಪ್ರತಿ ಒಟ್ಟಿಗೆ ಅಚ್ಚು ಹಾಕುವ ವಿಧಾನ) ಒಂದು ಫಾರಂ, ಅಂದರೆ ಮಡಚುವ ಒಂದು ದೊಡ್ಡ ಹಾಳೆ, 16 ಪುಟ, ಹತ್ತು ಫಾರಂಗೆ 160. ನನ್ನದು ಮೂರು ಪುಟ ಜಾಸ್ತಿ. ಒಂದೋ ಮೂರು ಪುಟ ಇಳಿಸಬೇಕು, ಇಲ್ಲ ಹನ್ನೊಂದನೇ ಫಾರಂ ಹಾಕಬೇಕು. ಹನ್ನೊಂದಕ್ಕೆ ಹೋದರೆ 13 ಪುಟ ಖಾಲಿ. ಖಾಲಿ ಬಿಡೋಕೆ ಮನಸ್ಸು ಬರಲಿಲ್ಲ, ಹಳೆಯ ಕಥೆಯೊಂದನ್ನು ಹುಡುಕಿ ತುಂಬಿಸಿದೆ. ಇಡೀ ಪುಸ್ತಕದಲ್ಲಿ ಸಪ್ಪೆ ಕಥೆ ಅಂದರೆ ಅದೇ. ಎದುರಿಗೆ ಒಬ್ಬ ಸಂಪಾದಕರು ಇದ್ದಿದ್ದರೆ ಮೂರು ಪುಟ ಇಳಿಸು ಅಂತಲೇ ಹೇಳುತ್ತಿದ್ದರು. ಮನಸ್ಸು ಮಾಡಿದ್ದರೆ ಒಂದು ಸಂಜೆಯ ಕೆಲಸ.

ಕರಡು ತಿದ್ದುವುದನ್ನೂ ನಾನೊಬ್ಬನೇ ಮಾಡಿದೆ. ನಾನು ಟೈಪ್ ಮಾಡಿದ್ದು ಯುನಿಕೋಡ್‌ನಲ್ಲಿ, ಪುಟ ವಿನ್ಯಾಸ ಮಾಡುವವರು ಬಳಸುತ್ತಿದ್ದದ್ದು ಹಳೆಯ ಆಸ್ಕಿ ಫಾಂಟ್. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇಡುವ ಈ ಎರಡು ಬಗೆ ಬೇರೆ ಬೇರೆ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಕೆಲವು ಕಡೆ ಅರ್ಕಾವತ್ತು ಉದುರಿಹೋಗಿತ್ತು. ಒಂದು ಕಥೆಯ ಕೊನೆಗೆ ತಾಯಿ ಮಗಳನ್ನು ‘ಅರ್ಥವಾಯಿತಾ?’ ಅಂತ ಕೇಳುತ್ತಾಳೆ. ಅಚ್ಚಾಗಿದ್ದು ‘ಅಥವಾಯಿತಾ?’ ಅಂತ. 500 ಪ್ರತಿಯಲ್ಲೂ ಹಾಗೇ ಇತ್ತು. ಕೈಗೆ ಸಿಕ್ಕ ಪ್ರತಿಗಳಲ್ಲೆಲ್ಲ ಪೆನ್ನಿನಿಂದ ತಿದ್ದಿದೆ. ಆ ಒಂದು ಮಾತಿಗಾಗಿಯೇ ಬರೆದ ಕಥೆ ಅದು. ತಾನು ಬರೆದದ್ದನ್ನು ತಾನೇ ಓದುವಾಗ ಕಣ್ಣು ತಪ್ಪನ್ನು ದಾಟಿ ಹೋಗಿಬಿಡುತ್ತೆ, ಅಲ್ವಾ? ಕರಡನ್ನು ದಯವಿಟ್ಟು ಇನ್ನೊಬ್ಬರ ಕೈಗೆ ಕೊಡಿ. ಮಾರಾಟದ ಬಗ್ಗೆ ಹೇಳೋದಾದರೆ, ಮೊದಲ ತಿಂಗಳು ಗೆಳೆಯರು ಕೊಂಡರು, ಆಮೇಲೆ ಕಟ್ಟುಗಳು ಮಂಚದ ಕೆಳಗೆ ಸೇರಿದವು. ಆಫ್‌ಸೆಟ್‌ನಲ್ಲಿ ಪ್ರತಿ ಹೆಚ್ಚಾದಷ್ಟೂ ಒಂದೊಂದರ ಖರ್ಚು ಇಳಿಯುತ್ತೆ. ಆ ಲೆಕ್ಕವನ್ನೇ ನಂಬಿ ಜಾಸ್ತಿ ಹಾಕಿಸಬೇಡಿ.

ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಕಟ್ಟುಗಳ ಗೋಳು ಇಲ್ಲ. ಯಾರಾದರೂ ಕೇಳಿದಾಗ ಒಂದು ಪ್ರತಿ ಅಚ್ಚಾಗುತ್ತೆ. ಒಂದು ಪ್ರತಿಯ ಖರ್ಚು ಮಾತ್ರ ಆಫ್‌ಸೆಟ್‌ಗಿಂತ ಹೆಚ್ಚು, ಹಾಗಾಗಿ ಬೆಲೆಯೂ ಹೆಚ್ಚೇ ಇಡಬೇಕಾಗುತ್ತೆ. ಒಳಪುಟಕ್ಕೊಂದು, ಮುಖಪುಟಕ್ಕೊಂದು ಪಿಡಿಎಫ್ ಕೊಡಬೇಕು. ಪುಟ ಹೆಚ್ಚು ಕಡಿಮೆಯಾದರೆ ಮುಖಪುಟದಲ್ಲೇ ಸೇರಿರುವ ಪುಸ್ತಕದ ಬೆನ್ನಿನ ಅಗಲ ಬದಲಾಗುತ್ತೆ, ಅದಕ್ಕೆ ಮುಖಪುಟವನ್ನು ಕೊನೆಯಲ್ಲೇ ಮಾಡಿಸಿ. ಮಾರಾಟಕ್ಕೆ ಬಿಡುವ ಮೊದಲು ಒಂದು ಪ್ರತಿ ತರಿಸಿ ನೋಡಿ. ನನಗೆ ಬಹಳ ಹಿಡಿಸಿದ್ದು ತಿದ್ದುವ ಅವಕಾಶ. ಒಂದು ಕಥೆಯಲ್ಲಿ ಶಾರದಾ ಆಗಿದ್ದವಳು ಎರಡು ಪುಟ ಕಳೆದ ಮೇಲೆ ಸುಶೀಲಾ ಆಗಿದ್ದಳು. ಓದುಗರೊಬ್ಬರು ಹೇಳಿದ ದಿನವೇ ಸರಿ ಮಾಡಿ ಹೊಸ ಫೈಲ್ ಹಾಕಿದೆ.

ಇ-ಪುಸ್ತಕದಲ್ಲಿ ಬೇರೆಯೇ ಒಂದು ಪಾಠ ಕಲಿತೆ. ಸಣ್ಣ ಕಥೆಯಲ್ಲಿ ಹತ್ತು ವರ್ಷ ದಾಟೋಕೆ ನಾವು ಒಂದು ಸಾಲು ಖಾಲಿ ಬಿಡುತ್ತೇವೆ. ಇ-ಪುಸ್ತಕದಲ್ಲಿ ಅಕ್ಷರದ ಅಳತೆಯನ್ನು ಓದುವವರೇ ಬದಲಿಸುತ್ತಾರೆ, ಸಾಲುಗಳು ಆ ಕಡೆ ಈ ಕಡೆ ಓಡಾಡುತ್ತವೆ. ಖಾಲಿ ಸಾಲು ಪರದೆಯ ತುದಿಗೆ ಬಂದು ಬಿದ್ದರೆ ಅಲ್ಲೊಂದು ಬಿಡುವು ಇದೆ ಅಂತಲೇ ಗೊತ್ತಾಗಲ್ಲ. ಅಜ್ಜಿ ಸತ್ತು ಹತ್ತು ವರ್ಷವಾಗಿದ್ದು ತಿಳಿಯದೆ ಒಬ್ಬರು ಗೊಂದಲಪಟ್ಟರು. ಈಗ ಅಂಥ ಕಡೆಯಲ್ಲೆಲ್ಲ ಮೂರು ಚುಕ್ಕಿ ಇಡುತ್ತೇನೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ವಿಷಯವೂ ತಿಳಿದಿರಲಿ. 2007ರಿಂದ ಅದು 13 ಅಂಕಿಯದು. ಅಚ್ಚಿನ ಪುಸ್ತಕಕ್ಕೆ ಪಡೆದ ಸಂಖ್ಯೆಯನ್ನೇ ಇ-ಪುಸ್ತಕಕ್ಕೆ ಹಾಕುವ ಹಾಗಿಲ್ಲ.

ಈ ಮೂರನೇ ಪುಸ್ತಕಕ್ಕೂ ಸಂಪಾದಕರು ಇರಲಿಲ್ಲ. ಆದರೆ ಎರಡನೆಯದರ ಪೆಟ್ಟು ನೆನಪಿತ್ತು. ಬರೆಯುವ ಇಬ್ಬರು ಗೆಳೆಯರಿಗೆ ಕಥೆಗಳನ್ನು ಕೊಟ್ಟೆ, ‘ಹೇಗಿದೆ?’ ಅಂತ ಕೇಳಲಿಲ್ಲ. ‘ಎಲ್ಲಿ ಓದೋದು ನಿಲ್ಲಿಸಬೇಕು ಅನ್ನಿಸ್ತೋ ಅಲ್ಲಿ ಗೆರೆ ಎಳಿ’ ಅಂದೆ. ಇಬ್ಬರೂ ಒಂದೇ ಕಡೆ ಗೆರೆ ಎಳೆದಿದ್ದ ಕಥೆಯನ್ನು ಮತ್ತೆ ಬರೆದೆ.

ಹಾಗಾಗಿ ಮೊದಲ ಪುಸ್ತಕವಾದರೆ ಪ್ರಕಾಶಕರನ್ನೇ ನೋಡಿ, ಕಾಯಬೇಕಾದರೂ ಪರವಾಗಿಲ್ಲ, ಹೊತ್ತು ಕೊಟ್ಟು ತಿದ್ದುವವರು ಸಿಕ್ಕರೆ ಮಾತ್ರ. ನಿಮ್ಮನ್ನು ಹುಡುಕಿ ಓದುವವರು ಆಗಲೇ ಇದ್ದರೆ ಪ್ರಿಂಟ್ ಆನ್ ಡಿಮ್ಯಾಂಡ್ ಸಾಕು. ಸ್ವಂತ ಆಫ್‌ಸೆಟ್ ಮುದ್ರಣಕ್ಕೆ ನಾನು ಮತ್ತೆ ಕೈ ಹಾಕಲ್ಲ. ಮೊದಲ ಪುಸ್ತಕದ ಹಕ್ಕು ಈಚೆಗೆ ವಾಪಸ್ ಬಂತು, ಅದನ್ನೂ ಬೇಡಿಕೆ ಬಂದಂತೆ ಅಚ್ಚಾಗುವ ಹಾಗೆ ಹಾಕುತ್ತಿದ್ದೇನೆ. ನಾಲ್ಕನೆಯದರಲ್ಲಿ 11 ಕಥೆ ಇವೆ. ಪೆನ್ಸಿಲ್ ಹಿಡಿಯುವ ಆ ಸಂಪಾದಕರಿಗೇ ಕಳಿಸಿ ಐದು ತಿಂಗಳಾಯಿತು.