ಹೆಡ್ ಬೋಲ್ಟನ್ನು ಅಳೆದು ಕೊಡುವ ಉದ್ಯಮಬಾಗದ ವರ್ಕ್‌ಶಾಪ್

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ಫೇಸಿಂಗ್, ಅಂದರೆ ಅದು ಕೂರುವ ಮೈಯನ್ನು ತುಸು ಕೆರೆದು ಸಮತಟ್ಟು ಮಾಡುವ ಕೆಲಸ, ಮಾಡಿಕೊಡುವವರಿಗೆ ಕೊರತೆಯಿಲ್ಲ. ಆದರೆ ಫೇಸಿಂಗ್ ಮುಗಿದ ಮೇಲೆ ಆ ಹೆಡ್ಡನ್ನು ಬಿಗಿಹಿಡಿಯಬೇಕಾದ ಬೋಲ್ಟುಗಳು ಹಳೆಯ ರಂಧ್ರಗಳಿಗೆ ಇನ್ನೂ ಸರಿಹೊಂದುತ್ತವೆಯೇ ಎಂದು ನೋಡುವವರು ಬಹಳ ವಿರಳ. ಕಬ್ಬಿನ ಹಂಗಾಮಿಗೆ ಮುನ್ನ ನಮ್ಮ ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿಸಿ, ಹೆಡ್ ಮತ್ತು ಅದು ಕೂರುವ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಭಾಗ) ಎರಡನ್ನೂ ನಾವು ಒಪ್ಪಿಸಿದ ವರ್ಕ್‌ಶಾಪ್ ಅಂಥ ವಿರಳರ ಸಾಲಿನದು.

ಹೆಡ್ಡಿನಿಂದ 0.4 ಮಿ.ಮೀ., ಬ್ಲಾಕಿನ ಮೇಲ್ಮೈಯಿಂದ 0.2 ಮಿ.ಮೀ. ತೆಗೆಯಲಾಯಿತು. ಹೆಡ್ ತೆಳುವಾದಷ್ಟು ಬೋಲ್ಟಿನ ತುದಿ ಕೆಳಕ್ಕೆ ಇಳಿಯುತ್ತದೆ, ಬ್ಲಾಕ್ ಸವೆದಷ್ಟು ರಂಧ್ರದ ಆಳ ಕಡಿಮೆಯಾಗುತ್ತದೆ. ಹೀಗೆ ಎರಡೂ ಕೂಡಿ ಬೋಲ್ಟಿನ ತುದಿಗೂ ರಂಧ್ರದ ತಳಕ್ಕೂ ನಡುವಿನ ಅಂತರ 0.6 ಮಿ.ಮೀ.ನಷ್ಟು ಕರಗಿಹೋಗುತ್ತದೆ. ತಳ ಮುಚ್ಚಿದ ರಂಧ್ರದಲ್ಲಿ ಬೋಲ್ಟು ತಳಕ್ಕೆ ತಾಗಿ ನಿಂತರೂ ನಿಗದಿತ ಬಿಗಿತ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಎಂದಿನಂತೆಯೇ 'ಟಕ್' ಎನ್ನುತ್ತದೆ, ಆದರೆ ಆ ಬಿಗಿತವು ಹೆಡ್ಡಿಗೆ ತಲುಪಿರುವುದಿಲ್ಲ. ಮುಂದೆ, ಹೆಡ್ ಮತ್ತು ಬ್ಲಾಕಿನ ನಡುವೆ ಸೋರದಂತೆ ಇಡುವ ತೆಳು ಹಾಳೆಯಾದ ಗ್ಯಾಸ್ಕೆಟ್ ಹೋದಾಗ ಅದನ್ನು ಮಾರಿದ ಅಂಗಡಿಯವರನ್ನು ಬೈಯುವುದು ನಮ್ಮ ಕಡೆಯ ರೂಢಿ.

ಇಲ್ಲಿಯ ಹಿರಿಯ ಮಿಸ್ತ್ರಿಯವರು ವಾಷರ್ ಸಮೇತ ಬೋಲ್ಟನ್ನು ಹೆಡ್ಡಿನಲ್ಲಿ ಇಳಿಸಿ, ಕೆಳಗೆ ಎಷ್ಟು ಹೊರಚಾಚಿದೆ ಎಂಬುದನ್ನು ಅಳೆದು, ಅದರಿಂದ ಗ್ಯಾಸ್ಕೆಟ್ಟಿನ ದಪ್ಪವನ್ನು ಕಳೆದು, ಉಳಿದುದನ್ನು ವರ್ನಿಯರ್ ಎಂಬ ಅಳತೆ ಉಪಕರಣದ ಕಡ್ಡಿಯಿಂದ ಅಳೆದ ರಂಧ್ರದ ಆಳದೊಂದಿಗೆ ಹೋಲಿಸಿದರು. ಹೊಸ ಗ್ಯಾಸ್ಕೆಟ್ ಬಿಗಿದ ಮೇಲೆ ತೆಳುವಾಗುವುದರಿಂದ, ಒತ್ತಿಹೋದ ಹಳೆಯ ಗ್ಯಾಸ್ಕೆಟ್ಟಿನ ದಪ್ಪವನ್ನೇ ಲೆಕ್ಕಕ್ಕೆ ಹಿಡಿದದ್ದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಹೆಚ್ಚಿನ ರಂಧ್ರಗಳಲ್ಲಿ 2 ಮಿ.ಮೀ.ಗಿಂತ ಹೆಚ್ಚು ಅಂತರ ಉಳಿದಿತ್ತು. ಮೂಲೆಯ ಎರಡರಲ್ಲಿ ಅರ್ಧ ಮಿ.ಮೀ. ಕೂಡ ಇರಲಿಲ್ಲ. ತಳದಲ್ಲಿ ತುಕ್ಕು ಮತ್ತು ಎಣ್ಣೆಯ ಜಿಡ್ಡು ಗಟ್ಟಿಯಾಗಿ ಕೂತಿದ್ದೇ ಅದಕ್ಕೆ ಕಾರಣ. ಲೋಹವನ್ನೇ ಕೊರೆಯುವ ಟ್ಯಾಪ್ ಬಳಸದೆ, ಥ್ರೆಡ್ (ತಿರುಪಿನ ಗೆರೆ) ಸವೆಯದಂತೆ, ಅದರೊಳಗಿನ ಕೊಳೆಯನ್ನಷ್ಟೇ ತೆಗೆಯುವ ಚೇಸರ್ ಹಾಕಿ ಸ್ವಚ್ಛಗೊಳಿಸಿ, ಗಾಳಿ ಹೊಡೆದು ಒಣಗಿಸಿದರು. ರಂಧ್ರದಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿದ್ದರೆ ಬೋಲ್ಟು ಅದನ್ನು ಒತ್ತಿ ಬ್ಲಾಕನ್ನೇ ಸೀಳಬಲ್ಲದು.

ಬೋಲ್ಟಿನ ಥ್ರೆಡ್ ಇಲ್ಲದ ನುಣುಪು ಭಾಗವು ಬ್ಲಾಕಿನ ಮೊದಲ ಥ್ರೆಡ್ಡಿಗೆ ತಗಲುತ್ತದೆಯೇ ಎಂಬುದನ್ನೂ ನೋಡಿದರು. ಕೆಲವು ಬೋಲ್ಟುಗಳ ಥ್ರೆಡ್ ಭಾಗ ಎಳೆದುಕೊಂಡು ಸಣ್ಣಗಾಗಿದ್ದರಿಂದ ಇಡೀ ಸೆಟ್ ಬದಲಿಸಲು ಹೇಳಿದರು. ಅಂತರ ಸಾಲದಿದ್ದಲ್ಲಿ ಸಿಕ್ಕ ವಾಷರ್ ಒಂದನ್ನು ಹೆಚ್ಚಿಗೆ ಹಾಕುವ ಉಪಾಯಕ್ಕೆ ಇಲ್ಲಿ ಒಪ್ಪುವುದಿಲ್ಲ. ಮೆತ್ತನೆಯ ವಾಷರ್ ಒತ್ತಿಹೋಗಿ ಬಿಗಿತ ಸಡಿಲಾಗುತ್ತದೆ.

ಆಕ್ಷೇಪಗಳೂ ಇವೆ. ನೀರು ಸುತ್ತುವರಿದ ಲೈನರಿನ (ಪಿಸ್ಟನ್ ಓಡಾಡುವ ಕೊಳವೆಯ) ಎಂಜಿನ್‌ನಲ್ಲಿ ಬ್ಲಾಕನ್ನು ಫೇಸಿಂಗ್ ಮಾಡಿದರೆ ಲೈನರ್ ಮೊದಲಿಗಿಂತ ಹೆಚ್ಚು ಮೇಲೆ ಎದ್ದು ನಿಲ್ಲುತ್ತದೆ, ಆದ್ದರಿಂದ ಅದರ ಕೂರುವ ಜಾಗವನ್ನೂ ಅಷ್ಟೇ ತಗ್ಗಿಸಬೇಕು. ಈ ಮಾತನ್ನು ಅವರು ಮೊದಲೇ ಹೇಳಬೇಕಿತ್ತು; ನಾವು ಕೇಳಿದ ಮೇಲೆ ಮಾಡಿದರು, ಬಿಲ್ ಅಷ್ಟರಮಟ್ಟಿಗೆ ಏರಿತು. ಅಳತೆಗಳನ್ನು ಬರೆದ ಚೀಟಿಯನ್ನೂ ಕೊಡುವುದಿಲ್ಲ, ಎದುರಿಗೆ ನಿಂತು ಗುರುತು ಹಾಕಿಕೊಳ್ಳಬೇಕು. ಹಂಗಾಮು ಹತ್ತಿರ ಬಂದಂತೆ ಸರದಿ ಉದ್ದವಾಗುತ್ತದೆ. ದರವೂ ಅಕ್ಕಪಕ್ಕದವರಿಗಿಂತ ತುಸು ಹೆಚ್ಚು. ಅಳೆಯುವುದಕ್ಕೆ ಹಿಡಿಯುವ ಸಮಯವನ್ನು ನೋಡಿದ ನನಗೆ ಅದು ದುಬಾರಿ ಎನಿಸಲಿಲ್ಲ.

ಹಳ್ಳಿಗಳಿಂದ ಬರುವ ಹಲವರು ಬರೀ ಹೆಡ್ಡನ್ನು ಹೊತ್ತು ತರುತ್ತಾರೆ. ಅದರ ಜೊತೆಗೆ ಬ್ಲಾಕ್, ಎಲ್ಲ ಬೋಲ್ಟುಗಳು, ವಾಷರ್‌ಗಳು ಮತ್ತು ಹಳೆಯ ಗ್ಯಾಸ್ಕೆಟ್ ಇಲ್ಲದಿದ್ದರೆ ಈ ಅಳತೆ ಇಲ್ಲಿಯೂ ಆಗುವುದಿಲ್ಲ.