ಟಕ್ ಅಂದು ಸುಮ್ಮನಾಗುವ ರಿವಾಲ್ವರು: ತೋಟಾ, ಸ್ಪ್ರಿಂಗು, ಬ್ರಷ್

ಅಪ್ಪನ ಕಾಲದ ಆರು ಗುಂಡಿನ, ಪಾಯಿಂಟ್ ಟೂ-ಟೂ (.22) ಅಳತೆಯ ರಿವಾಲ್ವರು ಈಗ ನನ್ನ ಲೈಸೆನ್ಸಿನಲ್ಲಿದೆ. 2024ರ ಲೋಕಸಭಾ ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದು, ಮತ ಎಣಿಕೆ ಮುಗಿದ ಮೇಲೆ ಮನೆಗೆ ಬಂದು ಕಪಾಟು ಸೇರಿತ್ತು. ಡಿಸೆಂಬರಿನ ಒಂದು ಥಂಡಿ ಮುಂಜಾನೆ ಶೂಟಿಂಗ್ ರೇಂಜಿಗೆ ಒಯ್ದೆ. 36 ಗುಂಡಿನಲ್ಲಿ 7 ಹಾರಲೇ ಇಲ್ಲ. ಟಕ್ ಅನ್ನುವುದು, ಸುಮ್ಮನಾಗುವುದು.

ಹೀಗಾದಾಗ ಗಡಿಬಿಡಿಯಲ್ಲಿ ಸಿಲಿಂಡರ್ ತೆರೆಯಬಾರದು. ನಳಿಕೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ತಡೆಯಬೇಕು. ಒಮ್ಮೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು.

ನಾನು ಮಾಡಿದ ಒಂದೇ ಜಾಣತನದ ಕೆಲಸವೆಂದರೆ ಸಿಲಿಂಡರಿನಲ್ಲಿ ಗುಂಡು ಕೂರುವ ಆರು ತೂತುಗಳಿಗೆ, ಅಂದರೆ ಚೇಂಬರುಗಳಿಗೆ, ಮಾರ್ಕರಿನಿಂದ ನಂಬರ್ ಹಾಕಿದ್ದು, ಹಾರದ ಗುಂಡಿಗೆ ಎರಡನೇ ಏಟು ಕೊಟ್ಟು ಬರೆದಿಟ್ಟದ್ದು. ಈ ತೋಟಾದ ಸಿಡಿಮದ್ದು ನಡುವೆ ಇರುವುದಿಲ್ಲ. ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇರುತ್ತದೆ. ಫೈರಿಂಗ್ ಪಿನ್ನು ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜಬೇಕು. ತೋಟಾ ಪೂರ್ತಿ ಕೂತಿಲ್ಲವೆಂದರೆ ಮೊದಲ ಏಟಿನ ಬಲವೆಲ್ಲ ಅದನ್ನು ಒಳಗೆ ದೂಡುವುದಕ್ಕೇ ಖರ್ಚು. ಎರಡನೇ ಏಟಿಗೆ ಹಾರುತ್ತದೆ. ನನ್ನ 7ರಲ್ಲಿ 5 ಹಾಗೆಯೇ ಹಾರಿದವು. ಉಳಿದೆರಡನ್ನು ಹೊರತೆಗೆದು, ಪಿನ್ನು ಬೇರೆ ಕಡೆ ಬೀಳುವಂತೆ ತಿರುಗಿಸಿ ಹಾಕಿದಾಗ ಒಂದು ಹಾರಿತು. ಅಂದರೆ ಮೊದಲು ಏಟು ಬಿದ್ದ ಜಾಗದಲ್ಲಿ ಮದ್ದೇ ಸರಿಯಾಗಿ ಹರಡಿರಲಿಲ್ಲ. ಇನ್ನೊಂದು ಕಡೆತನಕ ಹಾರಲಿಲ್ಲ.

ಈ ಲೆಕ್ಕ ಕೈಯಲ್ಲಿದ್ದರೂ ಉತ್ತರ ಓದಿಕೊಳ್ಳಲಿಲ್ಲ. ಗೆಳೆಯನ ಮಾತು ಕೇಳಿ ಮೊದಲು ತೋಟಾ ಬದಲಿಸಿದೆ. ದುಬಾರಿ ಆಮದು ಮಾಲು, ಹೊಳೆಯುವ ಡಬ್ಬಿ. 36ಕ್ಕೆ 4 ನಿಂತವು. ಸುಧಾರಿಸಿತು ಅನ್ನಬಹುದು, ಆದರೆ ಲೈಸೆನ್ಸಿನ ಕೋಟಾದಲ್ಲಿ ಅಷ್ಟು ಖರ್ಚಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ಸ್ಪ್ರಿಂಗು. ಒಳಭಾಗ ಬಿಚ್ಚುವುದು ನಮ್ಮ ಕೆಲಸವಲ್ಲ. ರಿಪೇರಿಗೂ ಪರವಾನಗಿ ಬೇಕು. ಹುಬ್ಬಳ್ಳಿಯಲ್ಲಿ ಪರವಾನಗಿ ಇರುವ ಹಿರಿಯ ಮಿಸ್ತ್ರಿ ಕುದುರೆಯನ್ನು (ಏಟು ಕೊಡುವ ಸುತ್ತಿಗೆಯಂಥ ಭಾಗ) ಹೆಬ್ಬೆರಳಲ್ಲಿ ಎಳೆದು ನೋಡಿ, "ಸ್ಪ್ರಿಂಗ್ ದಣದೈತ್ರಿ, ಬಿಗೀದ್ ಹಾಕ್ತೀನಿ" ಅಂದರು. ಹಾಕಿದರು. 36ಕ್ಕೆ 2 ನಿಂತವು. ಅಂಕಿ ನೋಡಿದರೆ ಗೆದ್ದಂತೆಯೇ. ಆದರೆ ಟ್ರಿಗರ್ ಎಳೆಯುವುದು ಬಾವಿಯಿಂದ ಕೊಡ ಸೇದಿದಂತಾಯಿತು. ಟ್ರಿಗರ್ ಒಂದನ್ನೇ ಎಳೆದು ಹೊಡೆದರೆ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ನನಗೆ ಇಂಥ ಗೆಲುವು ಬೇಡ. ಹಳೆಯದನ್ನೇ ಹಾಕಿಸಿಕೊಂಡು ಬಂದೆ.

ಕೊನೆಗೆ, ಮೊದಲೇ ಮಾಡಬೇಕಿದ್ದದ್ದು: ತೊಳೆಯುವುದು. ಖಾಲಿ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು ಸಿಲಿಂಡರ್ ತೆಗೆದೆ. ತೋಟಾದ ಅಂಚು ಕೂರುವ ತಗ್ಗಿನಲ್ಲಿ ಸೀಸ, ಮೇಣ, ಮಸಿ ಸೇರಿ ಒಲೆಯ ಬಾಯಿಯ ಕರಿಯಂತೆ ಗಟ್ಟಿಯಾಗಿತ್ತು. ಕಂಚಿನ ಬ್ರಷ್ಷಿಗೆ ಸಾಲ್ವೆಂಟ್ ಹಚ್ಚಿ ಒಂದೊಂದೇ ಚೇಂಬರ್ ಉಜ್ಜಿದೆ, ತಗ್ಗಿಗೆ ಹಲ್ಲುಜ್ಜುವ ಹಳೆಯ ಬ್ರಷ್. ಕುದುರೆಯ ಬುಡದಲ್ಲಿ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು, ಅದರ ಮೇಲೆ ಕೆಂಪು ಪುಡಿ. ಬೆರಳಿಗೆ ಹಚ್ಚಿಕೊಂಡು ಮೂಸಿದೆ: ಕೊಬ್ಬರಿ ಎಣ್ಣೆ! ಆಯುಧ ಪೂಜೆಯ ದಿನ ಮನೆಯಾಕೆ ಭಕ್ತಿಯಿಂದ ಎಣ್ಣೆ ಸವರಿ ಕುಂಕುಮ ಏರಿಸಿದ್ದಳು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರಿನ ಮುಂಜಾನೆ ಅದಕ್ಕಿಂತ ಎಷ್ಟೋ ತಂಪು. ಪಾಪ, ಕುದುರೆ ಬೆಣ್ಣೆಯಲ್ಲಿ ಓಡುತ್ತಿತ್ತು. ದಣಿದದ್ದು ಸ್ಪ್ರಿಂಗಲ್ಲ.

ಎಲ್ಲ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಟ್ಟು, ಚೇಂಬರುಗಳನ್ನು ಒಣಗಿಸಿ, ಅದೇ ಹಳೇ ಸ್ಪ್ರಿಂಗು, ಅದೇ ಅಗ್ಗದ ತೋಟಾ: 36ಕ್ಕೆ 1. ಅದೂ 4ನೇ ಚೇಂಬರಿನಲ್ಲಿ.

ವಹಿ ತಿರುವಿ ನೋಡಿದರೆ ಮೊದಲ ದಿನದ 7ರಲ್ಲಿ 3 ಇದೇ ಚೇಂಬರಿನವು. ಬೆಳಕಿಗೆ ಹಿಡಿದಾಗ ಬಾಯಿಯ ಅಂಚಿನಲ್ಲಿ ಉಗುರಿನಿಂದ ಗೀರಿದಂಥ ಸಣ್ಣ ಕಚ್ಚು ಕಂಡಿತು. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಪಿನ್ನು ಕೆಲವು ಹಳೆಯ ಮಾದರಿಗಳಲ್ಲಿ ನೇರ ಚೇಂಬರಿನ ಅಂಚಿಗೇ ಬಡಿಯುತ್ತದೆ. ಲೋಹ ಒಳಕ್ಕೆ ಉಬ್ಬಿ ತೋಟಾ ಕೂರಲು ಬಿಡುವುದಿಲ್ಲ. ಹುಡುಗನಿದ್ದಾಗ ಅಪ್ಪನ ಮುಂದೆ ಕೂತು ಖಾಲಿ ರಿವಾಲ್ವರು ಟಕ್ ಟಕ್ ಅನ್ನಿಸುತ್ತಿದ್ದವನು ನಾನೇ. ಇದಕ್ಕೆ ಬ್ರಷ್ಷೂ ನಡೆಯದು, ಆಮದು ತೋಟಾವೂ ನಡೆಯದು. ಮತ್ತೆ ಮಿಸ್ತ್ರಿ. ಅರ ಹಾಕಬೇಡಿ ಎಂದು ಮೊದಲೇ ಹೇಳಿದೆ. "ಅರ ಯಾಕ್ ಹಾಕ್ಲಿರೀ?" ಎಂದು ನಕ್ಕು, ಮೊನಚು ಸಲಾಕೆಯಂಥ ಸಾಧನ ತೂರಿಸಿ ಉಬ್ಬಿದ ಲೋಹವನ್ನು ಹಿಂದಕ್ಕೆ ಒತ್ತಿದರು. ಹತ್ತು ನಿಮಿಷದ ಕೆಲಸ. ಆಮೇಲಿನ 36ಕ್ಕೆ 36 ಹಾರಿದವು.

ಉಳಿದ ಆಮದು ತೋಟಾ ಇನ್ನೂ ಡಬ್ಬಿಯಲ್ಲೇ ಇವೆ. ಮುಂದಿನ ಆಯುಧ ಪೂಜೆಗೆ ಅರಿಷಿಣ ಕುಂಕುಮ ಪೆಟ್ಟಿಗೆಗೆ ಮಾತ್ರ ಎಂದು ಮನೆಯಲ್ಲಿ ಒಪ್ಪಂದವಾಗಿದೆ.